ಗಟ್ಟಿಯಾಗಿ ಓದಬೇಕಾದ ಕವಿ

ಲಿಂಟನ್ ಕ್ವೇಸಿ ಜಾನ್ಸನ್ ಅವರ ಕವಿತೆಯನ್ನು ಮೊದಲ ಸಲ ಪುಸ್ತಕದಲ್ಲಿ ಕಂಡವರು ತಬ್ಬಿಬ್ಬಾಗುತ್ತಾರೆ. ಇಂಗ್ಲಿಷೇನೋ ಹೌದು, ಆದರೆ ಕಾಗುಣಿತ ನಾವು ಶಾಲೆಯಲ್ಲಿ ತಿದ್ದಿದ್ದಲ್ಲ. ಗಾಬರಿ ಬೇಡ, ಗಟ್ಟಿಯಾಗಿ ಓದಿ. ಜಮೈಕಾದ ಜನ ಆಡುವ ಮಾತನ್ನು ಅವರು ಕಿವಿಗೆ ಬಿದ್ದ ಹಾಗೆಯೇ ಬರೆದಿದ್ದಾರೆ. ಕಣ್ಣಿಗೆ ತೊಡಕಾದದ್ದು ನಾಲಿಗೆಯ ಮೇಲೆ ಸಡಿಲವಾಗುತ್ತದೆ.

1952ರಲ್ಲಿ ಜಮೈಕಾದಲ್ಲಿ ಹುಟ್ಟಿದ ಜಾನ್ಸನ್, ತಾಯಿಯನ್ನು ಸೇರಲು 1963ರಲ್ಲಿ ಲಂಡನ್ನಿನ ಬ್ರಿಕ್ಸ್ಟನ್‌ಗೆ ಬಂದರು. ಶಾಲೆಯಲ್ಲಿದ್ದಾಗಲೇ ಬ್ಲ್ಯಾಕ್ ಪ್ಯಾಂಥರ್ ಚಳವಳಿ ಸೇರಿದರು. ಕಪ್ಪು ಲೇಖಕರ ಪುಸ್ತಕಗಳು ಕೈಗೆ ಸಿಕ್ಕಿದ್ದು ಅಲ್ಲೇ.

ಅವರ ಪ್ರಕಾರಕ್ಕೆ ಡಬ್ ಕಾವ್ಯವೆಂದು ಹೆಸರು. ರೆಗ್ಗೆ ಹಾಡಿನಿಂದ ಗಾಯಕನ ದನಿಯನ್ನು ಬಹುಮಟ್ಟಿಗೆ ತೆಗೆದು, ಬೇಸ್ ಗಿಟಾರನ್ನೂ ಡ್ರಮ್ಮನ್ನೂ ಮುಂದಕ್ಕೆ ತಂದರೆ ಅದು ಡಬ್. ಜಮೈಕಾದ ರೆಕಾರ್ಡುಗಳ ಹಿಂಬದಿಯಲ್ಲಿ ಇದು ಇರುತ್ತಿತ್ತು. ಖಾಲಿಯಾದ ಜಾಗದಲ್ಲಿ ಡೀಜೇಗಳು ನಿಂತಲ್ಲೇ ಮಾತು ಹೊಸೆಯುತ್ತಿದ್ದರು. ಜಾನ್ಸನ್ ಹಾಗಲ್ಲ. ಅವರಲ್ಲಿ ಕವಿತೆಯೇ ಮೊದಲು, ಬೇಸಿನ ನಡಿಗೆ ಅದರ ಒಳಗೇ ಇರುತ್ತದೆ. ಡೆನಿಸ್ ಬೊವೆಲ್ ಅವರ ವಾದ್ಯವೃಂದ ಆಮೇಲೆ ಅದನ್ನು ಹೊರಗೆ ಕೇಳಿಸುತ್ತದೆ. ಬರಿಗೈಲಿ ವೇದಿಕೆಗೆ ಬಂದು ನುಡಿದರೂ ತಾಳ ತಪ್ಪದಿರುವುದು ಅದಕ್ಕೇ.

ಹೊಸಬರಿಗೆ ನಾನು ಮೊದಲು ಕೇಳಿಸುವುದು 1979ರ ‘ಸನ್ನೀಸ್ ಲೆಟಾ’, ಅಂದರೆ ಸನ್ನಿಯ ಕಾಗದ. ಆಗ ಬ್ರಿಟನ್ನಿನಲ್ಲಿ ‘ಸಸ್’ ಎಂಬ ಕಾನೂನು ಇತ್ತು. 1824ರ ಅಲೆಮಾರಿ ಕಾಯಿದೆಯ ಒಂದು ತುಣುಕು. ಅಪರಾಧ ನಡೆಯಬೇಕಿರಲಿಲ್ಲ, ಮಾಡುವ ಹವಣಿಕೆಯಲ್ಲಿದ್ದಾನೆಂಬ ಗುಮಾನಿ ಬಂದರೂ ಪೊಲೀಸರು ಹಿಡಿಯಬಹುದಿತ್ತು. ಅದರ ಬಿಸಿ ಹೆಚ್ಚಾಗಿ ತಟ್ಟಿದ್ದು ಕಪ್ಪು ಹುಡುಗರಿಗೆ. ಕವಿತೆಯಲ್ಲಿ ಸನ್ನಿ ಬ್ರಿಕ್ಸ್ಟನ್ ಜೈಲಿನಿಂದ ತಾಯಿಗೆ ಬರೆಯುತ್ತಾನೆ. ಶುರುವಾಗುವುದು ನಮ್ಮ ಉಭಯ ಕುಶಲೋಪರಿಯಂಥ ಮರ್ಯಾದೆಯ ಧಾಟಿಯಲ್ಲೇ. ತಮ್ಮನ ಜತೆ ಬಸ್ಸಿಗೆ ಕಾಯುತ್ತಿದ್ದಾಗ ಪೊಲೀಸ್ ವ್ಯಾನು ನಿಲ್ಲುತ್ತದೆ. ಮೂವರು ಇಳಿದು ತಮ್ಮನನ್ನು ಹಿಡಿದು ಬಡಿಯುತ್ತಾರೆ, ಅಣ್ಣ ತಿರುಗಿ ಬೀಳುತ್ತಾನೆ. ಇಲ್ಲಿ ಸಾಲುಗಳು ಮೋಟಾಗುವುದನ್ನು ಗಮನಿಸಿ. ಒಂದೊಂದು ಸಾಲೂ ಒಂದೊಂದು ಏಟು. ಪೊಲೀಸನೊಬ್ಬ ಸಾಯುತ್ತಾನೆ. ತಮ್ಮನ ಮೇಲೆ ಸಸ್, ಅಣ್ಣನ ಮೇಲೆ ಕೊಲೆಯ ಆರೋಪ.

ಇಷ್ಟಾದರೂ ಜಾನ್ಸನ್ ದನಿ ಏರಿಸುವುದಿಲ್ಲ. ಕೂಗುವವರ ಸಿಟ್ಟಿಗಿಂತ ಈ ತಗ್ಗಿದ ದನಿಯ ಸಿಟ್ಟು ನನ್ನನ್ನು ಹೆಚ್ಚು ಕಲಕುತ್ತದೆ. ಸಸ್ ಕಾನೂನು 1981ರಲ್ಲಿ ರದ್ದಾಯಿತು. ಕಾಗದ ಮಾತ್ರ ಇಂದಿಗೂ ಹಾಗೆಯೇ ಮುಗಿಯುತ್ತದೆ: ಜೈಲಿನಲ್ಲಿರುವ ಮಗ ತಾಯಿಗೆ ಧೈರ್ಯ ಹೇಳುತ್ತಾನೆ.