ಗೃಹೋದ್ಯಮಕ್ಕೆ ಶಾವಿಗೆ ಒರಳಿನ ಆಯ್ಕೆ

ಕಡಿಮೆ ಬಂಡವಾಳದಲ್ಲಿ ಮನೆಯಲ್ಲಿಯೇ ಆರಂಭಿಸಬಹುದಾದ ಆಹಾರ ಉದ್ಯಮಗಳಲ್ಲಿ ಶಾವಿಗೆ ತಯಾರಿಕೆಯೂ ಒಂದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕುಗಳಲ್ಲಿ ರಾಗಿ, ಸಿರಿಧಾನ್ಯಗಳು ಬೆಳೆಯುತ್ತವೆ; ಶಾವಿಗೆ, ಕಾಯಿಹಾಲು ಮನೆಮನೆಯ ರುಚಿಯಾಗಿವೆ. ಕಚ್ಚಾವಸ್ತುವಿಗಾಗಲಿ ಕೈಚಳಕಕ್ಕಾಗಲಿ ಕೊರತೆಯಿಲ್ಲ. ಹಣ ತೊಡಗಿಸಬೇಕಾಗಿರುವುದು ಮುಖ್ಯವಾಗಿ ಒರಳಿಗೆ. ಈ ಆಯ್ಕೆ ತಪ್ಪಿದರೆ ಯಂತ್ರವು ಮೂಲೆ ಸೇರುತ್ತದೆ. ಸ್ವಸಹಾಯ ಗುಂಪಿನ ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ. ಆದುದರಿಂದ ಕೊಳ್ಳುವ ಮುನ್ನ ಗಮನಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಹಿಟ್ಟು, ಅನಂತರ ಯಂತ್ರ

ಶಾವಿಗೆಯಲ್ಲಿ ಮುಖ್ಯವಾಗಿ ಎರಡು ಬಗೆ. ಗೋಧಿಯ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಜಿಗುಟಾದ ಸಸಾರಜನಕವಿರುವುದರಿಂದ ಹಸಿ ಹಿಟ್ಟಿನಿಂದಲೇ ಎಳೆ ತೆಗೆದು ಒಣಗಿಸಬಹುದು. ಅಕ್ಕಿ, ರಾಗಿ, ಸಾಮೆ, ನವಣೆಗಳಲ್ಲಿ ಈ ಗುಣವಿಲ್ಲ. ಅವುಗಳ ಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಒತ್ತಬೇಕು. ಆರಿದ ಹಿಟ್ಟು ಬಿಗಿಯಾಗುತ್ತದೆ, ಎಳೆ ತುಂಡಾಗುತ್ತದೆ. ಒಂದಕ್ಕೆ ಹೊಂದುವ ಯಂತ್ರ ಮತ್ತೊಂದಕ್ಕೆ ಹೊಂದಲಾರದು.

ಒರಳಿನ ಬಗೆಗಳು

ಕೈಯಲ್ಲಿ ಹಿಡಿದು ಒತ್ತುವ ಸಣ್ಣ ಒರಳು ಮನೆಯ ಬಳಕೆಗೆ ಸಾಕು, ಮಾರಾಟಕ್ಕೆ ಸಾಲದು. ಮೂರು ಕಾಲುಗಳ ಮೇಲೆ ನಿಲ್ಲುವ ತಿರುಪಿನ ಒರಳು ಬಿಸಿ ಉಂಡೆಗೆ ಯೋಗ್ಯವಾದುದು. ಸಿಲಿಂಡರ್ ಒಳಗೆ ಸುರುಳಿ ತಿರುಗುವ ಯಂತ್ರವು, ಕೈಹಿಡಿಯದಾಗಲಿ ಮೋಟಾರಿನದಾಗಲಿ, ಎಡೆಬಿಡದೆ ಎಳೆ ಕೊಡುವುದರಿಂದ ಗೋಧಿಯ ಹಸಿ ಹಿಟ್ಟಿಗೆ ಅನುಕೂಲ. ಆದರೆ ಬೇಯಿಸಿದ ಹಿಟ್ಟು ಸುರುಳಿಗೆ ಅಂಟಿಕೊಂಡು ಮುಂದೆ ಸಾಗದೆ ಅದರೊಡನೆಯೇ ಸುತ್ತುವುದುಂಟು. ಪಾಶ್ಚಾತ್ಯ ದೇಶಗಳಲ್ಲಿ ಮಾಂಸದ ಸಾಸೇಜ್ ತುಂಬಲು ಬಳಸುವ ಮನೆಯ ಯಂತ್ರಗಳಲ್ಲಿಯೂ ಪಿಸ್ಟನ್ನಿನದು, ಸುರುಳಿಯದು ಎಂಬ ಇವೇ ಎರಡು ಬಗೆಗಳಿವೆ.

ಅಗಲ ಹೆಚ್ಚಿದಷ್ಟೂ ಶ್ರಮ ಹೆಚ್ಚು

ಒಮ್ಮೆಗೆ ಎಷ್ಟು ಕಿಲೋ ಹಿಡಿಯುತ್ತದೆ ಎಂಬುದನ್ನೇ ನೋಡಿ ಒರಳು ಕೊಳ್ಳುವುದು ಸಾಮಾನ್ಯವಾದ ತಪ್ಪು. ಸಿಲಿಂಡರಿನ ವ್ಯಾಸ ಎರಡು ಪಟ್ಟಾದರೆ ಪಿಸ್ಟನ್ನಿನ ಮೇಲೆ ಹಾಕಬೇಕಾದ ಬಲ ನಾಲ್ಕು ಪಟ್ಟಾಗುತ್ತದೆ. ಉದಾಹರಣೆಗೆ, ಹಿಟ್ಟು ಹೊರಬರಲು ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡ ಬೇಕೆಂದುಕೊಂಡರೆ, 5 ಸೆಂ.ಮೀ. ವ್ಯಾಸದ ಒರಳಿಗೆ ಸುಮಾರು 98 ಕಿಲೋ ಬಲ ಸಾಕು, 10 ಸೆಂ.ಮೀ. ವ್ಯಾಸಕ್ಕೆ ಸುಮಾರು 393 ಕಿಲೋ ಬೇಕು. ಅಷ್ಟು ಬಲವನ್ನು ತಿರುಪಿನ ಹಲ್ಲು, ಕಾಲುಗಳ ಬೆಸುಗೆ ಹಾಗೂ ಒತ್ತುವವರ ತೋಳು ತಾಳಬೇಕು. ಗಟ್ಟಿ ಹಿಟ್ಟಿಗೆ ಕಿರಿದಾದ, ಎತ್ತರವಾದ ಸಿಲಿಂಡರೇ ಲೇಸು. ಅಚ್ಚಿನ ರಂಧ್ರ ಸಣ್ಣದಾದಷ್ಟೂ ಒತ್ತಡ ಇನ್ನೂ ಏರುತ್ತದೆ ಎಂಬುದನ್ನು ಮರೆಯಬಾರದು.

ಪರೀಕ್ಷಿಸಬೇಕಾದ ಅಂಶಗಳು

1. ಪಿಸ್ಟನ್ ಮತ್ತು ಸಿಲಿಂಡರಿನ ನಡುವೆ ಸಂದು ಹೆಚ್ಚಿದ್ದರೆ ಹಿಟ್ಟು ಮೇಲಕ್ಕೆ ಉಕ್ಕುತ್ತದೆ.

2. ಹಿಟ್ಟು ತಗಲುವ ಭಾಗಗಳು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವಾಗಿರುವುದು ಒಳ್ಳೆಯದು. ಅಗ್ಗದ ದರ್ಜೆಗಳು ಬೇಗ ತುಕ್ಕು ಹಿಡಿಯಬಹುದು. ದರ್ಜೆಯನ್ನು ಬಿಲ್ಲಿನಲ್ಲಿ ಬರೆಯಿಸಿಕೊಳ್ಳಬೇಕು.

3. ಅಚ್ಚು, ಪಿಸ್ಟನ್‌ಗಳನ್ನು ಬಿಚ್ಚಿ ತೊಳೆಯಲು ಬರಬೇಕು. ಸಂದಿಯಲ್ಲಿ ಉಳಿದ ಹಿಟ್ಟು ಹುಳಿತು ಮರುದಿನದ ಸರಕನ್ನು ಕೆಡಿಸುತ್ತದೆ.

4. ತಿರುಪಿಗೆ, ಗೇರಿಗೆ ಹಾಕಿದ ಗ್ರೀಸ್ ಹಿಟ್ಟಿಗೆ ಇಳಿಯದಂತಿರಬೇಕು.

5. ಮೋಟಾರಿನ ಯಂತ್ರಕ್ಕೆ ಅರ್ತಿಂಗ್ ಹಾಗೂ ಅಧಿಕ ಹೊರೆಯಾದಾಗ ತಾನಾಗಿ ನಿಲ್ಲುವ ಸ್ವಿಚ್ ಇರಲೇಬೇಕು. ವೋಲ್ಟೇಜ್ ಇಳಿಯುವ ಊರುಗಳಲ್ಲಿ ಕೈತಿರುಪಿನ ಒರಳೇ ಹೆಚ್ಚು ನಂಬಿಕೆಯದು.

6. ಅಚ್ಚು, ತಿರುಪಿನ ಬಿಡಿಭಾಗಗಳು ಹತ್ತಿರದ ಪೇಟೆಯಲ್ಲಿ ದೊರೆಯುವುವೇ ಎಂದು ವಿಚಾರಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು, ಖಾಲಿ ಯಂತ್ರ ತಿರುಗುವುದನ್ನು ನೋಡಿ ಹಣ ಕೊಡದಿರುವುದು. ತಾವು ಮಾರಲಿರುವ ಹಿಟ್ಟನ್ನೇ ಅಂಗಡಿಗೆ ಒಯ್ದು, ಸತತವಾಗಿ ನಾಲ್ಕಾರು ಸಲ ತುಂಬಿ ಒತ್ತಿಸಿ ನೋಡಬೇಕು. ಬೇಯಿಸಿದ ಉಂಡೆಯಾದರೆ ಹಬೆಯ ಪಾತ್ರೆಯೂ ಜೊತೆಗಿರಲಿ.

ಲೆಕ್ಕಾಚಾರ

ಒಂದು ಯಂತ್ರದ ಬೆಲೆ 24,000 ರೂ., ಬಾಳಿಕೆ 5 ವರ್ಷ ಎಂದಿಟ್ಟುಕೊಂಡರೆ ಸವಕಳಿ ತಿಂಗಳಿಗೆ 400 ರೂ. ಶೇ. 12ರ ಬಡ್ಡಿ ಮೊದಲಲ್ಲಿ ತಿಂಗಳಿಗೆ 240 ರೂ. ಹಿಟ್ಟು, ಉರುವಲು, ಪೊಟ್ಟಣ, ಕೂಲಿ ಕಳೆದು ಕಿಲೋಗೆ 8 ರೂ. ಉಳಿಯುವುದಾದರೆ, ಯಂತ್ರದ ವೆಚ್ಚ ತೀರಿಸಲಿಕ್ಕೇ ತಿಂಗಳಿಗೆ 80 ಕಿಲೋ ಮಾರಬೇಕು. ಲಾಭವು ಅನಂತರದ ಮಾತು. ಅಷ್ಟು ಗಿರಾಕಿ ಇಲ್ಲದವರು ಮೊದಲು ಸಣ್ಣ ಒರಳಿನಿಂದ ಆರಂಭಿಸಿ, ಬೇಡಿಕೆ ಕಂಡ ಮೇಲೆ ದೊಡ್ಡದಕ್ಕೆ ಹೋಗುವುದು ಕ್ಷೇಮ.

ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಆರಂಭವಾದ ಕೇಂದ್ರದ ಯೋಜನೆಯು ಯಂತ್ರ ಖರೀದಿಗೆ ಸಾಲಕ್ಕೆ ಜೋಡಿಸಿದ ಶೇ. 35ರ ಸಹಾಯಧನದ ಪದ್ಧತಿಯನ್ನು ತಂದಿತು. ಖರೀದಿಯ ವೇಳೆಗೆ ಯಾವ ಸೌಲಭ್ಯ ದೊರೆಯುತ್ತದೆ ಎಂಬುದನ್ನು ಕೃಷಿ ಇಲಾಖೆ ಹಾಗೂ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬೇಕು. ಆದರೆ ಸಹಾಯಧನ ದೊರೆಯುತ್ತದೆಂಬ ಕಾರಣಕ್ಕೆ ಅಗತ್ಯಕ್ಕಿಂತ ದೊಡ್ಡ ಯಂತ್ರ ಕೊಳ್ಳುವುದು ವಿವೇಕವಲ್ಲ.

ಒಣಗಿಸುವಿಕೆ ಮತ್ತು ಮಾರಾಟ

ಗಂಟೆಗೆ ಒತ್ತುವಷ್ಟನ್ನು ಒಣಗಿಸಲು ಸ್ಥಳವೂ ಇರಬೇಕು. ಚಿತ್ರದುರ್ಗದ ಒಣಹವೆ, ಬೀಸುಗಾಳಿ ಇದಕ್ಕೆ ಸಹಾಯಕ; ಅದೇ ಗಾಳಿ ಧೂಳನ್ನೂ ತರುವುದರಿಂದ ಬಲೆಯ ಹೊದಿಕೆ ಅಗತ್ಯ. ಪೂರ್ತಿ ಒಣಗಿ ಬಿಸಿ ಆರಿದ ಮೇಲೆಯೇ ಪೊಟ್ಟಣ ಕಟ್ಟಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ತಯಾರಿಸಿ ಮಾರುವವರಿಗೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಂತೆ ನೋಂದಣಿ ಅಗತ್ಯ. ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಿಕೆಯ ದಿನಾಂಕ, ಗರಿಷ್ಠ ಮಾರಾಟ ಬೆಲೆ ಇರಬೇಕು.

ಹಿಟ್ಟಿನ ಗುಣ, ಗಿರಾಕಿಯ ಬೇಡಿಕೆ, ಒತ್ತುವ ಕೈಗಳ ಶಕ್ತಿ ಇವು ಮೂರನ್ನು ತಿಳಿದು ಕೊಂಡ ಒರಳು ಚಿಕ್ಕದಾದರೂ ಸಾಲ ತೀರಿಸಿ ಮನೆಯನ್ನು ನಡೆಸಬಲ್ಲದು.