ಬೀಗ ಬಿದ್ದ ಪೂಲ್ ಪಾರ್ಲರ್‌ಗೊಂದು ಕಿವಿಮಾತು

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಆರಂಭವಾದಾಗ ಪೂಲ್, ಸ್ನೂಕರ್ ಪಾರ್ಲರ್‌ಗಳ ಗಂಟೆ ಲೆಕ್ಕದ ಗಳಿಕೆ ಒಮ್ಮೆಲೇ ನಿಂತಿತು. ಕಟ್ಟಡದ ಬಾಡಿಗೆ, ಸಾಲದ ಬಡ್ಡಿ ನಿಲ್ಲಲಿಲ್ಲ. ರಿಸರ್ವ್ ಬ್ಯಾಂಕ್ ಮೊದಲು ಮೂರು ತಿಂಗಳಿಗೆ ಅನುಮತಿಸಿ, ಬಳಿಕ ಆಗಸ್ಟ್ ಕೊನೆಯವರೆಗೆ ವಿಸ್ತರಿಸಿದ ಕಂತಿನ ಮುಂದೂಡಿಕೆಯನ್ನು ಸಾಲಮನ್ನಾ ಎಂದುಕೊಳ್ಳುವುದೇ ಇಂಥ ಹೊತ್ತಿನ ದೊಡ್ಡ ತಪ್ಪು. ಕಂತು ಮುಂದೆ ಹೋದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಕೈಯಲ್ಲಿ ಹಣವಿದ್ದವರು ಕಟ್ಟಿಬಿಡುವುದೇ ಲೇಸು. ಬಾಡಿಗೆಯ ರಿಯಾಯಿತಿ ಬಾಯಿಮಾತಿನಲ್ಲಿದ್ದರೆ ಸಾಲದು, ಬರಹದಲ್ಲಿರಬೇಕು.

ಇನ್ನು ಟೇಬಲ್. ಕೆಳಗಿನ ಕಲ್ಲಿನ ಹಾಸು ತಡೆದೀತು, ಮೇಲಿನ ಉಣ್ಣೆಬಟ್ಟೆ ತೇವ ತಡೆಯದು. ಬೀಗ ಜಡಿದು ಮರೆತರೆ ಮಳೆಗಾಲದಲ್ಲಿ ಬೂಷ್ಟು ಖಂಡಿತ. ಆಗಾಗ ಗಾಳಿಯಾಡಿಸಿ, ಬ್ರಷ್ ಎಳೆದು ಹೊದಿಕೆ ಹಾಕಬೇಕು. ಗಾಬರಿಬಿದ್ದು ಅರ್ಧ ಬೆಲೆಗೆ ಮಾತ್ರ ಮಾರಬಾರದು. ಬಾಗಿಲು ತೆರೆದ ದಿನ ದುಡಿದು ಕೊಡುವುದು ಆ ಟೇಬಲ್ಲೇ.