ಪೈಪಿನ ಫ್ಲೇಂಜ್ ಕೊಳ್ಳುವ ಮುನ್ನ ಅದರ ಲೋಹದ ಗುರುತನ್ನು ಓದಿ



ಪ್ರಮಾಣಿತ ಬೀಜ ಕೊಳ್ಳುವಾಗ ನೀವು ಚೀಲದ ನೀಲಿ ಚೀಟಿಯನ್ನು ನೋಡುತ್ತೀರಿ. ಗೊಬ್ಬರ ಕೊಳ್ಳುವಾಗ 17:17:17 ಎಂಬ ಅಂಕಿಗಳನ್ನು ಓದುತ್ತೀರಿ. ಆದರೆ ನೀರೆತ್ತುವ ಪೈಪಿಗೆ ಫ್ಲೇಂಜ್ ಬೇಕಾದಾಗ 'ನಾಲ್ಕು ಇಂಚಿನದು ಒಂದು ಕೊಡಿ' ಎಂದು ಕೇಳಿ ತರುವವರೇ ಹೆಚ್ಚು. ಅದು ಯಾವ ಲೋಹದ್ದು, ಎಷ್ಟು ಒತ್ತಡ ತಡೆಯುತ್ತದೆ ಎಂದು ಕೇಳುವವರು ವಿರಳ. ಬೀಜಕ್ಕೂ ಗೊಬ್ಬರಕ್ಕೂ ಇರುವಂತೆ ಫ್ಲೇಂಜಿಗೂ ಗುರುತಿನ ಅಕ್ಷರ ಮತ್ತು ಅಂಕಿಗಳಿವೆ. ಅವುಗಳನ್ನು ಓದುವ ಬಗೆಯನ್ನು ಇಲ್ಲಿ ತಿಳಿಸಲಾಗಿದೆ.

ನಾನು ಬೇಸಾಯ ಶಾಸ್ತ್ರದವನು. ಈ ವಿಷಯವನ್ನು ಕಲಿಯಬೇಕಾಗಿ ಬಂದದ್ದು ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಬೇಸಿಗೆ ಮೆಕ್ಕೆಜೋಳ ನೋಡಲು ನದಿ ದಂಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಗಂಡು ಹೂ ಬಿಟ್ಟು ತೆನೆಯಲ್ಲಿ ಕೂದಲು ಮೂಡುವ ಕಾಲ. ಆ ಬೆಳೆಗೆ ನೀರು ತಪ್ಪಲೇಬಾರದ ಹಂತವೆಂದರೆ ಅದೇ. ಅಂದು ಪಂಪಿನ ಡೆಲಿವರಿ ಕಡೆಯ ಫ್ಲೇಂಜ್ ಬಿರುಕು ಬಿಟ್ಟಿತ್ತು. 'ಬೆಸುಗೆ ಹಾಕಿಸಿ, ನೀರು ನಿಲ್ಲಿಸಬೇಡಿ' ಎಂದು ಸಲಹೆ ಕೊಟ್ಟವನು ನಾನೇ. ಮೂರನೆಯ ದಿನ ಬೆಸುಗೆಯ ಪಕ್ಕದಲ್ಲೇ ಅದು ಮತ್ತೆ ಒಡೆಯಿತು. ಸರಿಯಾದ ಫ್ಲೇಂಜ್ ತಂದು ಜೋಡಿಸುವ ವೇಳೆಗೆ ಒಂಬತ್ತು ದಿನ ಕಳೆದಿದ್ದವು. ಕೊಯ್ಲಿನಲ್ಲಿ ತೆನೆಗಳು ಅರ್ಧಂಬರ್ಧ ಕಾಳು ಕಟ್ಟಿದ್ದನ್ನು ಕಂಡೆ. ಆ ಫ್ಲೇಂಜ್ ಬೀಡು ಕಬ್ಬಿಣದ್ದು; ಬೀಡಿಗೆ ಸಾಮಾನ್ಯ ಬೆಸುಗೆ ನಿಲ್ಲುವುದಿಲ್ಲ ಎಂಬುದನ್ನು ನಾನು ತಿಳಿದಿರಲಿಲ್ಲ.

ಫ್ಲೇಂಜಿನ ಮೇಲೆ ಬೀಳುವ ಭಾರ

ನೀರನ್ನು 10 ಮೀಟರ್ ಎತ್ತರಕ್ಕೆ ಏರಿಸಿದರೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 1 ಕಿ.ಗ್ರಾಂ ಒತ್ತಡ ಬೀಳುತ್ತದೆ. ನಿಮ್ಮ ಹೊಲ ನೀರಿನ ಮಟ್ಟದಿಂದ 40 ಮೀಟರ್ ಮೇಲಿದ್ದರೆ ಪಂಪಿನ ಬಳಿ ಒತ್ತಡ ಕನಿಷ್ಠ 4 ಕಿ.ಗ್ರಾಂ. 10 ಸೆಂ.ಮೀ. ಒಳವ್ಯಾಸದ ಪೈಪಿನ ಬಾಯಿಯ ವಿಸ್ತೀರ್ಣ 78.5 ಚದರ ಸೆಂ.ಮೀ. ಅಂದರೆ ವಾಲ್ವ್ ಮುಚ್ಚಿದಾಗ ಅದರ ಜೋಡಣೆಯನ್ನು ಬಿಡಿಸಲು ನೀರು 314 ಕಿ.ಗ್ರಾಂ, ಎಂದರೆ ಮೂರು ಕ್ವಿಂಟಲಿಗೂ ಹೆಚ್ಚು ಬಲದಿಂದ ತಳ್ಳುತ್ತಿರುತ್ತದೆ.

ವಿದ್ಯುತ್ ಥಟ್ಟನೆ ಹೋದಾಗ ಸ್ಥಿತಿ ಇನ್ನೂ ಕಠಿಣ. ಉದ್ದನೆಯ ಉಕ್ಕಿನ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಿಂದ ಹರಿಯುವ ನೀರು ಒಮ್ಮೆಲೇ ತಡೆಯಲ್ಪಟ್ಟರೆ 100 ಮೀಟರ್ ಎತ್ತರಕ್ಕೂ ಮೀರಿದ ಹೆಚ್ಚುವರಿ ಒತ್ತಡ ಕ್ಷಣಕಾಲ ಉಂಟಾಗಬಹುದು. ಇದಕ್ಕೆ ನೀರಿನ ಬಡಿತ ಎನ್ನುತ್ತಾರೆ. ಆಗ ಅದೇ ಜೋಡಣೆಯ ಮೇಲೆ ಬೀಳುವ ಬಲ ಹನ್ನೊಂದು ಕ್ವಿಂಟಲ್ ಸಮೀಪಿಸುತ್ತದೆ. ದಿನಕ್ಕೆ ಹಲವು ಬಾರಿ ವಿದ್ಯುತ್ ಹೋಗಿ ಬರುವ ಕಡೆ ಇದನ್ನು ಮರೆಯುವಂತಿಲ್ಲ.

ಲೋಹಗಳು ಮತ್ತು ಅವುಗಳ ಗುರುತು

1. ಬೀಡು ಕಬ್ಬಿಣ: ಇದರ ಭಾರತೀಯ ಮಾನಕ ಐ.ಎಸ್. 210. ಗುರುತು ಎಫ್.ಜಿ. 150, ಎಫ್.ಜಿ. 200, ಎಫ್.ಜಿ. 260 ಹೀಗಿರುತ್ತದೆ. ಅಂಕಿಯು ಎಳೆದಾಗ ತುಂಡಾಗದೆ ತಾಳಬೇಕಾದ ಕನಿಷ್ಠ ಬಲವನ್ನು ಪ್ರತಿ ಚದರ ಮಿ.ಮೀ.ಗೆ ನ್ಯೂಟನ್ ಲೆಕ್ಕದಲ್ಲಿ ಹೇಳುತ್ತದೆ. 200 ಎಂದರೆ ಸುಮಾರು 20 ಕಿ.ಗ್ರಾಂ. ಬೀಡಿನಲ್ಲಿ ಸಾಮಾನ್ಯವಾಗಿ ಶೇ. 2.5 ರಿಂದ 4 ರಷ್ಟು ಇಂಗಾಲವಿದ್ದು, ಅದರ ಹೆಚ್ಚಿನ ಪಾಲು ಗ್ರಾಫೈಟಿನ ತೆಳು ಪದರಗಳಾಗಿ ಲೋಹದೊಳಗೆ ಹರಡಿರುತ್ತದೆ. ಆ ಪದರಗಳೇ ಬಿರುಕಿಗೆ ದಾರಿ. ಆದ್ದರಿಂದ ಬೀಡು ಬಾಗುವುದಿಲ್ಲ, ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ಆದರೆ ಒತ್ತುವ ಭಾರವನ್ನು ಚೆನ್ನಾಗಿ ತಾಳುತ್ತದೆ. ಪಂಪಿನ ಮೈ ಇದರಿಂದಲೇ ಆಗಿರುವುದು ಸಾಮಾನ್ಯ. ಅದರಲ್ಲಿ ತಪ್ಪೇನೂ ಇಲ್ಲ.

2. ಎಸ್.ಜಿ. ಕಬ್ಬಿಣ: ಇದೂ ಎರಕದ್ದೇ. ಆದರೆ ಗ್ರಾಫೈಟ್ ಪದರಗಳ ಬದಲು ಗುಂಡುಗಳಾಗಿರುತ್ತದೆ. ಮಾನಕ ಐ.ಎಸ್. 1865. ಎಸ್.ಜಿ. 400/15 ಎಂದಿದ್ದರೆ ಬಲ 400, ತುಂಡಾಗುವ ಮೊದಲು ಶೇ. 15 ರಷ್ಟು ಹಿಗ್ಗುತ್ತದೆ ಎಂದರ್ಥ.

3. ಮೆದು ಉಕ್ಕಿನ ತಗಡಿನಿಂದ ಕತ್ತರಿಸಿದ್ದು: ಅಂಗಡಿಯವರು ಎಂ.ಎಸ್. ಎನ್ನುವುದು ಇದಕ್ಕೆ. ತಗಡಿನ ಮಾನಕ ಐ.ಎಸ್. 2062, ಗುರುತು ಇ 250. ಇಲ್ಲಿ 250 ಎಂಬುದು ಒಡೆಯುವ ಬಲವಲ್ಲ, ಶಾಶ್ವತವಾಗಿ ಬಾಗಲು ತೊಡಗುವ ಬಲ. ತುಂಡಾಗಲು 410 ಬೇಕು. ಎ ದರ್ಜೆಯಲ್ಲಿ ಇಂಗಾಲ ಶೇ. 0.23 ಮೀರಬಾರದು. ಆದ್ದರಿಂದಲೇ ಇದಕ್ಕೆ ಬೆಸುಗೆ ಚೆನ್ನಾಗಿ ಹಿಡಿಯುತ್ತದೆ. ಉಕ್ಕಿನ ಫ್ಲೇಂಜಿನ ಅಳತೆಗಳಿಗೆ ಐ.ಎಸ್. 6392 ಎಂಬ ಮಾನಕವಿದೆ.

4. ಕಾಯಿಸಿ ಬಡಿದು ಮಾಡಿದ್ದು: ಕಾರ್ಖಾನೆಗಳ ಹಬೆ ಮತ್ತು ಎಣ್ಣೆಯ ಪೈಪುಗಳಲ್ಲಿ ಅಮೆರಿಕದ ಎ.ಎಸ್.ಟಿ.ಎಂ. ಮಾನಕದ ಎ 105 ಉಕ್ಕು ಹೆಚ್ಚು ಬಳಕೆಯಲ್ಲಿದೆ. ಬಾಗುವ ಬಲ 250, ತುಂಡಾಗುವ ಬಲ 485. ತುಕ್ಕು ಹಿಡಿಯದ ಉಕ್ಕಾದರೆ ಎ 182 ಮಾನಕದ ಎಫ್ 304, ಎಫ್ 316. ಹೊಲದ ನೀರಿಗೆ ಇಷ್ಟು ದುಬಾರಿಯ ಲೋಹ ಸಾಮಾನ್ಯವಾಗಿ ಬೇಕಿಲ್ಲ.

ಒತ್ತಡದ ವರ್ಗ

ಲೋಹ ಒಂದೇ ಆದರೂ ದಪ್ಪ ಬೇರೆಯಾದರೆ ತಾಳಿಕೆ ಬೇರೆ. ಪಿ.ಎನ್. 16 ಎಂದಿದ್ದರೆ ಸಾಮಾನ್ಯ ಉಷ್ಣತೆಯಲ್ಲಿ 16 ಬಾರ್, ಅಂದರೆ ಸುಮಾರು 160 ಮೀಟರ್ ಎತ್ತರದ ನೀರಿನ ಒತ್ತಡ. 'ಕ್ಲಾಸ್ 150' ಎಂದಿದ್ದರೆ 150 ಕಿ.ಗ್ರಾಂ ಎಂದು ತಿಳಿಯಬೇಡಿ. ಅದು ಬರಿಯ ವರ್ಗದ ಹೆಸರು. ಎ 105 ಉಕ್ಕಿನ ಕ್ಲಾಸ್ 150 ಫ್ಲೇಂಜಿಗೆ 38 ಡಿಗ್ರಿ ಸೆಂಟಿಗ್ರೇಡ್‌ವರೆಗೆ 19.6 ಬಾರ್ ಮಿತಿ. 200 ಡಿಗ್ರಿಯ ಹಬೆಯಲ್ಲಿ ಅದು 13.8 ಬಾರ್‌ಗೆ ಇಳಿಯುತ್ತದೆ.

ಎರಡು ವರ್ಗಗಳು ಒಂದಕ್ಕೊಂದು ಕೂಡುವುದೂ ಇಲ್ಲ. 100 ಮಿ.ಮೀ. ಪೈಪಿನ ಪಿ.ಎನ್. 16 ಫ್ಲೇಂಜಿನಲ್ಲೂ 4 ಇಂಚಿನ ಕ್ಲಾಸ್ 150 ಫ್ಲೇಂಜಿನಲ್ಲೂ ಎಂಟೆಂಟು ರಂಧ್ರಗಳು. ಆದರೆ ಎದುರುಬದುರು ರಂಧ್ರಗಳ ನಡುವಿನ ಅಂತರ ಮೊದಲನೆಯದರಲ್ಲಿ 180 ಮಿ.ಮೀ., ಎರಡನೆಯದರಲ್ಲಿ 190.5 ಮಿ.ಮೀ. ರಂಧ್ರ ಕೊರೆದು ದೊಡ್ಡದು ಮಾಡಿ ಜೋಡಿಸಿದರೆ ಫ್ಲೇಂಜಿನ ಬಲ ಕುಂದುತ್ತದೆ. ಹಳೆಯದನ್ನೇ ಅಂಗಡಿಗೆ ಒಯ್ದು ಅಳತೆ ಹೊಂದಿಸಿ ತನ್ನಿ.

ಬೀಡಿಗೆ ಉಕ್ಕು ಜೋಡಿಸುವಾಗ

ನಾನು ಕಂಡ ಫ್ಲೇಂಜ್ ಮೊದಲ ಬಾರಿ ಬಿರುಕು ಬಿಟ್ಟದ್ದು ಇಲ್ಲಿಯ ತಪ್ಪಿನಿಂದ. ಪಂಪಿನ ಬೀಡಿನ ಫ್ಲೇಂಜಿನ ಮುಖ ಸಪಾಟಾಗಿತ್ತು. ಎದುರಿನ ಉಕ್ಕಿನ ಫ್ಲೇಂಜಿನ ನಡುಭಾಗ ಉಬ್ಬಿತ್ತು. ನಡುವೆ ಬಳೆಯಂಥ ಸಣ್ಣ ಪ್ಯಾಕಿಂಗ್ ಇತ್ತು. ಬೋಲ್ಟ್ ಬಿಗಿಸಿದಂತೆ ಬೀಡಿನ ಅಂಚು ಆಧಾರವಿಲ್ಲದೆ ಬಾಗಬೇಕಾಯಿತು, ಬಾಗಲಾರದೆ ಬಿರಿಯಿತು. ಇಂಥ ಕಡೆ ಉಬ್ಬನ್ನು ಲೇತಿನಲ್ಲಿ ತೆಗೆಸಿ ಸಪಾಟು ಮಾಡಿಸಬೇಕು. ಬೋಲ್ಟ್ ರಂಧ್ರಗಳಿರುವ, ಫ್ಲೇಂಜಿನ ಇಡೀ ಮುಖವನ್ನು ಮುಚ್ಚುವ ರಬ್ಬರ್ ಪ್ಯಾಕಿಂಗ್ ಹಾಕಬೇಕು.

ಬೋಲ್ಟಿನ ತಲೆಯ ಮೇಲೆ 4.6 ಎಂದಿದ್ದರೆ ತುಂಡಾಗುವ ಬಲ 400, ಅದರ ಶೇ. 60 ಕ್ಕೆ ಹಿಗ್ಗತೊಡಗುತ್ತದೆ ಎಂದರ್ಥ. ಬೀಡಿನ ಫ್ಲೇಂಜಿಗೆ ಇದೇ ಲೇಸು. 8.8 ಬೋಲ್ಟ್ ಹಾಕಿ, ಸ್ಪ್ಯಾನರಿಗೆ ಪೈಪು ತೊಡಿಸಿ ಬಿಗಿದರೆ ಬೋಲ್ಟಿಗಿಂತ ಮೊದಲು ಫ್ಲೇಂಜ್ ಹೋಗುತ್ತದೆ. ನಟ್ಟುಗಳನ್ನು ಒಂದರ ನಂತರ ಅದರ ಎದುರಿನದು ಎಂಬಂತೆ, ಸ್ವಲ್ಪ ಸ್ವಲ್ಪವಾಗಿ ಮೂರು ಸುತ್ತು ಬಿಗಿಯಿರಿ.

ಲೋಹವನ್ನು ಗುರುತಿಸುವ ಸುಲಭ ಬಗೆ

ಗುರುತು ಅಳಿಸಿದ್ದರೆ ಅಂಚಿನಲ್ಲಿ ಡ್ರಿಲ್ಲನ್ನು ಸ್ವಲ್ಪ ತಾಗಿಸಿ ನೋಡಿ. ಬೀಡು ಪುಡಿಪುಡಿಯಾಗಿ ಉದುರುತ್ತದೆ. ಉಕ್ಕು ಸುರುಳಿಯಾಗಿ ಬರುತ್ತದೆ. ಸಾಣೆ ಚಕ್ರಕ್ಕೆ ಹಿಡಿದರೆ ಬೀಡಿನ ಕಿಡಿ ಗಿಡ್ಡ ಮತ್ತು ಕೆಂಪು. ಮೆದು ಉಕ್ಕಿನದು ಉದ್ದ ಮತ್ತು ಹೊಳಪು. ಆದರೆ ಈ ಪರೀಕ್ಷೆಗಳು ಲೋಹದ ಜಾತಿಯನ್ನು ಹೇಳುತ್ತವೆಯೇ ಹೊರತು ದರ್ಜೆಯನ್ನಲ್ಲ.

ದರ್ಜೆಗೆ ಬರಹದ ಆಧಾರ ಬೇಕು. ಹಲವರು ಕೂಡಿ ದೊಡ್ಡ ಮಾರ್ಗ ಹಾಕುವಾಗ ತಯಾರಕರ ಪರೀಕ್ಷಾ ಪತ್ರ ಕೇಳಿ. ಪತ್ರದಲ್ಲಿರುವ ಹೀಟ್ ನಂಬರು, ಅಂದರೆ ಒಂದು ಕುಲುಮೆ ಕರಗಿಸಿದ ಲೋಹದ ಸಂಖ್ಯೆ, ಫ್ಲೇಂಜಿನ ಮೇಲೂ ಇರಬೇಕು. ಬೀಜದ ಚೀಲದ ಲಾಟ್ ನಂಬರಿದ್ದಂತೆ ಇದು. ಐ.ಎಸ್.ಐ. ಚಿಹ್ನೆ ಇದ್ದರೆ ಮೇಲ್ಗಡೆ ಮಾನಕದ ಸಂಖ್ಯೆ, ಕೆಳಗಡೆ ಸಿ.ಎಂ./ಎಲ್. ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಅದು ನಿಜವೇ ಎಂದು ಭಾರತೀಯ ಮಾನಕ ಬ್ಯೂರೋದ 'ಬಿ.ಐ.ಎಸ್. ಕೇರ್' ಆ್ಯಪ್‌ನಲ್ಲಿ ನೋಡಬಹುದು.

ನೆನಪಿಡಬೇಕಾದ ಅಂಶಗಳು

1. ಅಳತೆಯ ಜೊತೆಗೆ ಲೋಹ, ದರ್ಜೆ, ಒತ್ತಡದ ವರ್ಗ ಹೇಳಿ ಕೇಳಿರಿ, ರಸೀದಿಯಲ್ಲೂ ಬರೆಸಿರಿ.
2. ಒತ್ತಡ ಲೆಕ್ಕ ಹಾಕುವಾಗ ನೀರಿನ ಬಡಿತವನ್ನೂ ಸೇರಿಸಿರಿ.
3. ಒಡೆದ ಬೀಡಿಗೆ ಬೆಸುಗೆ ನಂಬಿ ಕೂರಬೇಡಿ; ಬದಲಾಯಿಸಿರಿ.
4. ಬೆಳೆ ಹೂವಿಗೆ ಬರುವ ಮುನ್ನ ಒಂದು ಫ್ಲೇಂಜ್, ಪ್ಯಾಕಿಂಗ್ ಮತ್ತು ಬೋಲ್ಟುಗಳನ್ನು ಪಂಪ್ ಮನೆಯಲ್ಲಿ ತಂದಿಟ್ಟುಕೊಳ್ಳಿರಿ.

ಆ ಊರಿನ ಪಂಪ್ ಮನೆಯಲ್ಲಿ ಈಗ ಗೂಟಕ್ಕೆ ಒಂದು ಫ್ಲೇಂಜ್ ತೂಗುಹಾಕಿದೆ. ಅದರ ಮೇಲೆ ಬಣ್ಣದಿಂದ 'ಇ 250, ಪಿ.ಎನ್. 16' ಎಂದು ಬರೆದಿದ್ದಾರೆ. ನಿಮ್ಮಲ್ಲಿಯೂ ಹಾಗೆ ಒಂದು ಇರಲಿ.